ಉಸಿರಾಟ ಚಿಕಿತ್ಸೆಯ ಓದು: ಹಾಸನದಿಂದ ನನ್ನ ಅನುಭವ

ಹಾಸನದ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ರೆಸ್ಪಿರೇಟರಿ ಥೆರಪಿಸ್ಟ್ (ಉಸಿರಾಟ ಚಿಕಿತ್ಸಕ) ಆಗಿರುವ ನನ್ನ ಬಳಿ, ಪಿಯುಸಿ ಮುಗಿಸಿದ ಮಕ್ಕಳ ತಂದೆತಾಯಿಗಳು ಹೆಚ್ಚಾಗಿ ವಿಚಾರಿಸುವುದು ಕಾಲೇಜಿನ ಶುಲ್ಕವನ್ನು. ಆದರೆ ಕಾಲೇಜಿಗೆ ಹೊಂದಿಕೊಂಡ ಆಸ್ಪತ್ರೆಯಲ್ಲಿ ನಿತ್ಯ ಎಷ್ಟು ವೆಂಟಿಲೇಟರ್‌ಗಳು (ರೋಗಿಗೆ ಉಸಿರು ಕೊಡುವ ಯಂತ್ರಗಳು) ನಡೆಯುತ್ತವೆ ಎಂಬುದನ್ನು ಮೊದಲು ಹೋಗಿ ನೋಡಿಬನ್ನಿ ಎಂದೇ ನಾನು ಹೇಳುತ್ತೇನೆ.

ಅರಸೀಕೆರೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದ ನಾನು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಬೆಂಗಳೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ರೆಸ್ಪಿರೇಟರಿ ಕೇರ್ ಟೆಕ್ನಾಲಜಿ ಪದವಿ ಪಡೆದೆ. ಮೂರು ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ಅಂಗರಚನೆ, ಶರೀರಕ್ರಿಯೆಗಳನ್ನು ಪುಸ್ತಕದಿಂದ ಕಲಿಯಬಹುದು. ವೃತ್ತಿ ಕೈಗೆ ಹತ್ತುವುದು ಇಂಟರ್ನ್‌ಶಿಪ್‌ನಲ್ಲಿ.

ನಮ್ಮ ಹಿರಿಯರು ಅಲ್ಲಿ ಮೊದಲು ಕೊಟ್ಟ ಸಾಧನ ಅಳತೆಯ ಟೇಪು. ಶ್ವಾಸಕೋಶದ ಗಾತ್ರ ಎತ್ತರವನ್ನು ಅನುಸರಿಸುತ್ತದೆಯೇ ಹೊರತು ಬೊಜ್ಜನ್ನಲ್ಲ. ಆದ್ದರಿಂದ ವೆಂಟಿಲೇಟರ್ ಪ್ರತಿ ಉಸಿರಿಗೆ ಎಷ್ಟು ಗಾಳಿ ಕೊಡಬೇಕೆಂದು ಗೊತ್ತುಮಾಡಲು, ಮಲಗಿದ ರೋಗಿಯ ಎತ್ತರವನ್ನು ಅಳೆದು, ಗಂಡಸಾದರೆ ಅದರಲ್ಲಿ 152.4 ಸೆಂ.ಮೀ. ಕಳೆದು, ಉಳಿದುದನ್ನು 0.91ರಿಂದ ಗುಣಿಸಿ, 50 ಕೂಡಿಸಿ, ಎತ್ತರಕ್ಕೆ ತಕ್ಕ ತೂಕವನ್ನು ಕಂಡುಕೊಳ್ಳಬೇಕು. 160 ಸೆಂ.ಮೀ. ಎತ್ತರದವರಿಗೆ ಸುಮಾರು 57 ಕೆ.ಜಿ. ಬರುತ್ತದೆ; ಕೆ.ಜಿ.ಗೆ 6 ಮಿ.ಲೀ.ನಂತೆ ಪ್ರತಿ ಉಸಿರಿಗೆ ಸುಮಾರು 340 ಮಿ.ಲೀ. ಅವರ ನಿಜತೂಕ 85 ಕೆ.ಜಿ. ಇದೆಯೆಂದು ಅದನ್ನೇ ಲೆಕ್ಕಕ್ಕೆ ಹಿಡಿದರೆ 510 ಮಿ.ಲೀ. ಆಗಿ, ಮೊದಲೇ ಬಿಗಿದುಕೊಂಡಿರುವ ಶ್ವಾಸಕೋಶಕ್ಕೆ ಯಂತ್ರವೇ ಗಾಯಮಾಡುತ್ತದೆ. ಎಆರ್‌ಡಿಎಸ್ (ಶ್ವಾಸಕೋಶ ಹೀಗೆ ಬಿಗಿದು, ರಕ್ತಕ್ಕೆ ಆಮ್ಲಜನಕ ಸಾಲದಾಗುವ ತೀವ್ರ ಸ್ಥಿತಿ) ರೋಗಿಗಳಲ್ಲಿ ಉಸಿರಿನ ಪ್ರಮಾಣ ತಗ್ಗಿಸಿದಾಗ ಸಾವುಗಳು ಕಡಿಮೆಯಾಗುವುದನ್ನು 2000ದಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತ್ತು. ತರಗತಿಯಲ್ಲಿ ಕೇಳಿದ್ದ ಈ ಪಾಠ ನನಗೆ ಪೂರ್ತಿ ಅರ್ಥವಾದದ್ದು ಟೇಪು ಹಿಡಿದು ಹಾಸಿಗೆಯ ಪಕ್ಕ ನಿಂತಾಗ.

ಊರಿಗೆ ಮರಳಿದ ಮೇಲೆ ಆಮ್ಲಜನಕದ ಲೆಕ್ಕ ಇನ್ನಷ್ಟು ಮುಖ್ಯವಾಯಿತು. ತುಂಬಿದ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಇರುತ್ತದೆ. ನಿಮಿಷಕ್ಕೆ 10 ಲೀಟರ್ ಹರಿಸಿದರೆ ಎರಡೂವರೆ ಗಂಟೆಯಲ್ಲಿ ಖಾಲಿ. ಇಲ್ಲಿಂದ ಬೆಂಗಳೂರು ಸುಮಾರು 180 ಕಿ.ಮೀ., ನೆಲಮಂಗಲದ ವಾಹನದಟ್ಟಣೆ ಬೇರೆ. ಎರಡನೆಯ ಸಿಲಿಂಡರ್ ಇಲ್ಲದೆ ಆಂಬುಲೆನ್ಸ್ ಹೊರಡಲು ನಾನು ಒಪ್ಪುವುದಿಲ್ಲ.

ಪ್ರಮಾಣಪತ್ರಗಳ ವಿಷಯದಲ್ಲಿ, ನಮ್ಮಂಥ ವೃತ್ತಿಗಳಿಗೆಂದೇ 2021ರಲ್ಲಿ ರಾಷ್ಟ್ರೀಯ ಕಾಯ್ದೆ ಬಂದಿದ್ದು, ನೋಂದಣಿಗೆ ಮಾನ್ಯ ಪದವಿಯೇ ಆಧಾರ. ಅಮೆರಿಕದಲ್ಲಿ ನೋಂದಾಯಿತ ರೆಸ್ಪಿರೇಟರಿ ಥೆರಪಿಸ್ಟ್ ಆಗಲು ಬರೆಯುವ ಆರ್‌ಆರ್‌ಟಿ ಪರೀಕ್ಷೆಗೆ ಅಲ್ಲಿನ ಮಾನ್ಯತಾ ಸಂಸ್ಥೆ ಒಪ್ಪಿದ ಕೋರ್ಸನ್ನೇ ಓದಿರಬೇಕಾದ್ದರಿಂದ, ಇಲ್ಲಿನ ಪದವಿಯಿಂದ ನೇರವಾಗಿ ಕೂರಬಹುದೆನ್ನುವ ಏಜೆಂಟರಿಗೆ ಹಣ ಕೊಡಬೇಡಿ. ಅಂಕಪಟ್ಟಿಗಳ ಜೊತೆಗೆ ಇಂಟರ್ನ್‌ಶಿಪ್‌ನ ಲಾಗ್‌ಬುಕ್ಕನ್ನೂ ಜೋಪಾನ ಮಾಡಿ. ಪ್ರತಿ ಪ್ರಕರಣಕ್ಕೆ ಅಂದೇ ಸಹಿ ಹಾಕಿಸಿಕೊಳ್ಳಿ, ಏಕೆಂದರೆ ಸಂದರ್ಶನದಲ್ಲಿ ನನ್ನನ್ನು ಹೆಚ್ಚು ಪ್ರಶ್ನಿಸಿದ್ದು ಆ ಪುಟಗಳ ಮೇಲೆಯೇ.