ಇಲಿ ಹಿಡಿಯುವ ಮೊದಲು ಕಿಂಡಿ ಹಿಡಿಯಿರಿ

ಮೆಕ್ಕೆಜೋಳದ ಚೀಲಗಳು ಪಡಸಾಲೆಗೆ ಬಂದವೆಂದರೆ ದಾವಣಗೆರೆ ಸುತ್ತಲಿನ ಮನೆಗಳಲ್ಲಿ ಇಲಿ ಕಾಟ ಶುರು. ಮಂಡಕ್ಕಿ ಚೀಲ, ಶೇಂಗಾ ಡಬ್ಬಿ ಇರುವ ಪೇಟೆ ಮನೆಗಳಿಗೂ ಇದು ತಪ್ಪಿದ್ದಲ್ಲ. ಬೋನು ತರುವುದು ಎರಡನೇ ಕೆಲಸ. ಇಲಿ ಮೂರೇ ವಾರಕ್ಕೆ ಐದಾರು ಮರಿ ಹಾಕುತ್ತದೆ; ಕಿಂಡಿ ತೆರೆದಿದ್ದರೆ ಎಷ್ಟು ಹಿಡಿದರೂ ಮುಗಿಯದು.

ಹಿಕ್ಕೆ ನೋಡಿ. ಅಕ್ಕಿಕಾಳಿನಷ್ಟಿದ್ದರೆ ಸಣ್ಣ ಇಲಿ, ಒಂದೂವರೆ ಸೆಂ.ಮೀ. ಇದ್ದರೆ ದೊಡ್ಡದು. ಚೂಪು ಮೂತಿಯ, ನಾತ ಹೊಡೆಯುವ ಸೊಂಡಿಲಿ ಜಿರಳೆ ತಿನ್ನುತ್ತದೆ, ಅದನ್ನು ಅದರ ಪಾಡಿಗೆ ಬಿಡಿ.

ಸಣ್ಣ ಇಲಿ ನುಸುಳಲು 6 ಮಿ.ಮೀ. ಸಂದು ಸಾಕು. ಪೆನ್ಸಿಲ್ ಹಿಡಿದು ಸಿಂಕ್ ಪೈಪು ಗೋಡೆ ಹೊಕ್ಕ ಜಾಗ, ಬಾಗಿಲಡಿ, ಬಚ್ಚಲ ತೂಬು, ಚಿತ್ರದುರ್ಗದ ಹಳೇ ಮಾಳಿಗೆ ಮನೆಗಳಲ್ಲಿ ತೊಲೆ ಗೋಡೆ ಸೇರುವ ಮೂಲೆ, ಎಲ್ಲ ತಡಕಿ. ಪೆನ್ಸಿಲ್ ತೂರಿದಲ್ಲಿ ಇಲಿಯೂ ತೂರುತ್ತದೆ. ಹೊರಗೋಡೆಯ ತೂತುಗಳಿಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ಬಿಗಿಯಾಗಿ ತುರುಕಿ, ಮೇಲೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆ ಮೆತ್ತಿ. ನಾರಿಲ್ಲದೆ ಬರೀ ಗಾರೆ ಮೆತ್ತಿದರೆ ಹಸಿ ಇರುವಾಗಲೇ, ಅಂದರೆ ಅದೇ ರಾತ್ರಿ, ಕೆರೆದು ಹಾಕುತ್ತವೆ. ಬಟ್ಟೆ, ಥರ್ಮಾಕೋಲು ತುರುಕಿದರೆ ಗೂಡಿಗೆ ಸಾಮಾನು ಕೊಟ್ಟಂತೆ. ತೂಬಿಗೆ ಸಣ್ಣ ಕಣ್ಣಿನ ತಂತಿ ಜಾಲರಿ, ಬಾಗಿಲಡಿಗೆ ರಬ್ಬರ್ ಪಟ್ಟಿ.

ಒಳಗಿನ ಬಿಲಗಳನ್ನು ಆತುರದಿಂದ ಮುಚ್ಚಬೇಡಿ. ಮರಿಗಳು ಗೋಡೆಯೊಳಗೇ ಸತ್ತು ವಾರಗಟ್ಟಲೆ ನಾರುತ್ತವೆ. ಸಂಜೆ ಬಿಲದ ಬಾಯಿಗೆ ಸಡಿಲವಾಗಿ ಕಾಗದದ ಉಂಡೆ ಇಡಿ. ಬೆಳಿಗ್ಗೆ ಉಂಡೆ ಹೊರಗೆ ಬಿದ್ದಿದ್ದರೆ ಇಲಿ ಇದೆ. ಮೂರು ರಾತ್ರಿ ಅಲುಗದಿದ್ದರೆ ಆಗ ಮುಚ್ಚಿ.

ಉಳಿದವಕ್ಕೆ ಸ್ಪ್ರಿಂಗ್ ಬೋನೇ ವಾಸಿ, ಸಾವು ಕ್ಷಣದಲ್ಲಿ ಮುಗಿಯುತ್ತದೆ. ಒಂದೇ ಬೋನಿಟ್ಟು ವಾರ ಕಾಯುವ ಬದಲು ಮೊದಲ ರಾತ್ರಿಯೇ ಐದಾರು ಇಡಿ. ಇಲಿ ಗೋಡೆ ಸವರಿಕೊಂಡು ಓಡುವುದರಿಂದ ಎರಡೆರಡು ಮೀಟರಿಗೊಂದರಂತೆ, ತೀನಿ ಇಟ್ಟ ತುದಿ ಗೋಡೆಗೆ ತಾಗುವಂತೆ ಅಡ್ಡಲಾಗಿರಲಿ. ಅರೆದ ಶೇಂಗಾ ಬಟಾಣಿಕಾಳಿನಷ್ಟು ಸಾಕು. ಹೆಚ್ಚಿಟ್ಟರೆ ಅಂಚಿನಿಂದಲೇ ನೆಕ್ಕಿ ಹೋಗುತ್ತದೆ, ಬೋನು ಸಿಡಿಯದು. ಮಂಡಕ್ಕಿಯಾದರೆ ದಾರದಲ್ಲಿ ಕಟ್ಟಿ. ಮಕ್ಕಳಿರುವ ಮನೆಯಲ್ಲಿ ಎರಡು ತುದಿಗೆ ತೂತು ಮಾಡಿದ ರಟ್ಟಿನ ಡಬ್ಬಿಯೊಳಗಿಡಿ.

ತಂತಿ ಬೋನು ಕರುಣೆಯದೆಂದು ಕಾಣುತ್ತದೆ, ಆದರೆ ಬೆಳಿಗ್ಗೆ ಸಂಜೆ ನೋಡದಿದ್ದರೆ ಇಲಿ ಹಸಿದು ಹೆದರಿ ಸಾಯುತ್ತದೆ. ಹಿಡಿದದ್ದನ್ನು ಬಕೆಟ್ ನೀರಿಗೆ ಮುಳುಗಿಸುವುದಂತೂ ಬೇಡ. ಓಣಿಯಾಚೆ ಬಿಟ್ಟರೆ ವಾಪಸ್ ಬರುತ್ತದೆ, ದೂರ ಬಿಟ್ಟರೆ ಹೊಸ ಜಾಗದಲ್ಲಿ ಬದುಕುವುದು ಕಷ್ಟ. ಅಂಟುಹಾಳೆ ಎಲ್ಲಕ್ಕಿಂತ ಕ್ರೂರ: ಚರ್ಮ ಕಿತ್ತುಕೊಂಡು ಗಂಟೆಗಟ್ಟಲೆ ಒದ್ದಾಡುತ್ತದೆ. ಪ್ರಾಣಿ ಕಲ್ಯಾಣ ಮಂಡಳಿಯೂ ಅದು ಬೇಡ ಎಂದಿದೆ. ಶಬ್ದದ ಯಂತ್ರಕ್ಕೆ ದುಡ್ಡು ದಂಡ, ಇಲಿಗಳು ಬೇಗ ಹೊಂದಿಕೊಳ್ಳುತ್ತವೆ.

ಪಾಷಾಣದ ಮಾತು ಬೇರೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಿಲ್ಲೆ ತಿಂದ ಇಲಿ ಸಾಯಲು ದಿನಗಳೇ ಬೇಕು. ಅದನ್ನು ತಿಂದ ಬೆಕ್ಕು, ಗೂಬೆಗೂ ಅಪಾಯ. ರಂಜಕದ ಪೇಸ್ಟು ಮಕ್ಕಳ ಬಾಯಿಗೆ ಹೋದರೆ ಅದಕ್ಕೆ ನಿರ್ದಿಷ್ಟ ಮದ್ದೇ ಇಲ್ಲ. ಮನೆಯೊಳಗೆ ತರಲೇಬೇಡಿ.

ಚೀಲಗಳನ್ನು ಗೋಡೆಯಿಂದ ಒಂದು ಅಡಿ ದೂರ, ಹಲಗೆಯ ಮೇಲೆ ಜೋಡಿಸಿ. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಒಂದು ಪಾಲು ಬ್ಲೀಚಿಂಗ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಚಿಮುಕಿಸಿ, ಐದು ನಿಮಿಷ ಬಿಟ್ಟು ಕೈಗವಸು ಹಾಕಿಕೊಂಡು ಒರೆಸಿ. ಇಲಿ ಉಚ್ಚೆ ತಾಗಿದ ನೀರಿನಿಂದ ಇಲಿ ಜ್ವರ ಬರುತ್ತದೆ; ಕಾಲಲ್ಲಿ ಗಾಯವಿದ್ದರೆ ಬಚ್ಚಲು ತೊಳೆಯುವ ಕೆಲಸ ಬೇರೆಯವರಿಗೆ ಬಿಡಿ.