ಮೂರು ಕ್ರಿಯಾಪದ, ಒಂದು ಚೌಕ

ನಮ್ಮ ಕಾಮಿಕ್ಸ್ ಪುಸ್ತಕದ ಸ್ಕ್ರಿಪ್ಟ್ ಕಳಿಸಿದ ಎರಡನೇ ದಿನ ಕಲಾವಿದ ಗೆಳೆಯನ ಫೋನ್. "ನಾಲ್ಕನೇ ಪುಟದ ಎರಡನೇ ಪ್ಯಾನೆಲ್‌ನಲ್ಲಿ ಅವಳು ಬಾಗಿಲು ತೆಗೀತಾಳೆ, ಕಾಗದ ಓದ್ತಾಳೆ, ಕುಸಿದು ಕೂರ್ತಾಳೆ ಅಂತ ಬರ್ದಿದೀಯ. ಮೂರರಲ್ಲಿ ಯಾವುದನ್ನ ಬಿಡಿಸ್ಲಿ?"

ಹತ್ತು ವರ್ಷ ಕಥೆ ಬರೆದವನಿಗೆ ಪ್ಯಾನೆಲ್ ಎಂಬ ಒಂದು ಚೌಕದಲ್ಲಿ ಒಂದೇ ಕ್ಷಣ ಹಿಡಿಸುತ್ತದೆ ಎಂಬುದು ಹೊಳೆದಿರಲಿಲ್ಲ. ಅವತ್ತಿನಿಂದ ಪ್ರತಿ ಪ್ಯಾನೆಲ್‌ನ ಕ್ರಿಯಾಪದಗಳಿಗೆ ಅಡಿಗೆರೆ ಎಳೆದು ಎಣಿಸತೊಡಗಿದೆ. ಎರಡು ಸಿಕ್ಕರೆ ಪ್ಯಾನೆಲ್ ಒಡೆಯಬೇಕು, ಇಲ್ಲವೇ ಒಂದನ್ನು ಕೈಬಿಡಬೇಕು. ಆ ಬಾಗಿಲಿನ ದೃಶ್ಯದಲ್ಲಿ ಕೊನೆಗೆ ಉಳಿದದ್ದು ನೆಲಕ್ಕೆ ಬಿದ್ದ ಕಾಗದ, ಪಕ್ಕದಲ್ಲಿ ಅವಳ ಪಾದ. ಮುಖವನ್ನು ಅವನು ತೋರಿಸಲೇ ಇಲ್ಲ. ನನ್ನ ನಾಲ್ಕು ಸಾಲಿನ ಸ್ವಗತಕ್ಕೆ ಅಲ್ಲಿ ಕೆಲಸವಿರಲಿಲ್ಲ, ಹೊಡೆದುಹಾಕಿದೆ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

1960ರ ದಶಕದಲ್ಲಿ ಅಮೆರಿಕದ ಕಾಮಿಕ್ಸ್ ಪ್ರಕಾಶನ ಮಾರ್ವೆಲ್‌ನಲ್ಲಿ ರೂಢಿಯಾದ ಪದ್ಧತಿಯೊಂದಿದೆ: ಲೇಖಕ ಕಥೆಯ ಹಂದರ ಕೊಡುತ್ತಾನೆ, ಕಲಾವಿದ ಪುಟಗಳನ್ನು ಬಿಡಿಸುತ್ತಾನೆ, ಆಮೇಲೆ ಲೇಖಕ ಮಾತು ತುಂಬುತ್ತಾನೆ. ಓಟ, ಹೊಡೆದಾಟಗಳಿಗೆ ನಾವು ಇದನ್ನೇ ಹಿಡಿದೆವು. ಮಾತುಕತೆಯ ದೃಶ್ಯಗಳಿಗೆ ಮಾತ್ರ ಪ್ಯಾನೆಲ್ ಪ್ಯಾನೆಲ್‌ಗೂ ಪೂರ್ಣ ಸ್ಕ್ರಿಪ್ಟ್. ಹಣ, ಹಕ್ಕು, ಮುಖಪುಟದಲ್ಲಿ ಹೆಸರು ಹೇಗೆ ಬರಬೇಕು, ಇವನ್ನೆಲ್ಲ ಮೊದಲ ಗೆರೆ ಎಳೆಯುವ ಮುಂಚೆಯೇ ಕಾಗದದ ಮೇಲೆ ಬರೆದುಕೊಂಡಿದ್ದೆವು. ಸ್ನೇಹ ಉಳಿದದ್ದು ಬಹುಶಃ ಅದರಿಂದಲೇ.

ದೊಡ್ಡ ಎಡವಟ್ಟು ಮಾಡಿದವನು ನಾನು. ಪುಸ್ತಕ ತೆರೆದಾಗ ಬಲಗಡೆ ಬೆಸ ಸಂಖ್ಯೆಯ ಪುಟ, ಎಡಗಡೆ ಸಮ ಸಂಖ್ಯೆಯದು. ಓದುಗ ಬೆಚ್ಚಬೇಕಾದ ಚಿತ್ರ ಎಡಪುಟದಲ್ಲಿರಬೇಕು, ಹಾಳೆ ಮಗುಚಿದಾಗಲೇ ಕಾಣಬೇಕು. ಬಲಪುಟದಲ್ಲಿದ್ದರೆ ಎಡಪುಟ ಓದುವಾಗಲೇ ಕಣ್ಣು ಅಲ್ಲಿಗೆ ಜಾರಿ ಗುಟ್ಟು ರಟ್ಟಾಗುತ್ತದೆ. ಇದೆಲ್ಲ ಗೊತ್ತಿದ್ದೂ 31ನೇ ಪುಟದ ನಂತರ "ಒಂದೇ ಒಂದು ಪುಟ" ಸೇರಿಸು ಎಂದು ಹಟ ಹಿಡಿದೆ. ಸೇರಿಸಿದ. ಅಲ್ಲಿಂದ ಮುಂದಿನ ಗುಟ್ಟುಗಳೆಲ್ಲ ಒಂದೊಂದು ಪುಟ ಜರುಗಿ ಬಲಕ್ಕೆ ಬಂದು ಕೂತವು. ಕಡೆಗೆ ಇನ್ನೊಂದು ಪುಟ ಹುಟ್ಟಿಸಬೇಕಾಯಿತು. ಮಳೆ ಸುರಿಯುವ ಆ ಮಾತಿಲ್ಲದ ಪುಟವನ್ನು ಓದಿದವರೆಲ್ಲ ಹೊಗಳುತ್ತಾರೆ, ನಾನು ಸುಮ್ಮನಿರುತ್ತೇನೆ.

ಪಾತ್ರಗಳ ಮಾತು ಬರೆಯುವ ಬಲೂನ್‌ಗಳದ್ದು ಬೇರೆಯೇ ಕಥೆ. ನಮ್ಮ ಲಿಪಿಯಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹಾಗಾಗಿ ಐದು ಸಾಲು ಹಿಡಿಸೀತು ಎಂದುಕೊಂಡಲ್ಲಿ ಮೂರೇ ಹಿಡಿಸಿದವು. ನನ್ನ ಸಂಭಾಷಣೆ ಮತ್ತೆ ಕತ್ತರಿಗೆ.

ಒಂದು ಪ್ಯಾನೆಲ್‌ನಲ್ಲಿ ಮಗ ಎಡಕ್ಕೆ, ಅಪ್ಪ ಬಲಕ್ಕೆ. ಮೊದಲು ಮಾತಾಡುವವನು ಅಪ್ಪ. ನಾವು ಎಡದಿಂದ ಓದುವುದರಿಂದ ಅವನ ಬಲೂನ್ ಎಡಕ್ಕೆ ಬರಬೇಕು, ಆಗ ಮಾತಾಡುವವನತ್ತ ಚಾಚುವ ಎರಡು ಬಾಲಗಳೂ ಕತ್ತರಿಯಂತೆ ಅಡ್ಡಹಾಯುತ್ತವೆ. ಕಚ್ಚಾ ಸ್ಕೆಚ್‌ನಲ್ಲೇ ಕಂಡಿದ್ದರೆ ಹತ್ತು ನಿಮಿಷದ ಕೆಲಸ. ನಾವು ನೋಡುವ ಹೊತ್ತಿಗೆ ಇಂಕ್ ಆಗಿಹೋಗಿತ್ತು. ಗೆಳೆಯ ಕಂಪ್ಯೂಟರ್‌ನಲ್ಲಿ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ನೋಡಿದ. ಅಪ್ಪನ ವಾಚು ಬಲಗೈಗೆ ಹೋಯಿತು, ಅಂಗಿಯ ಜೇಬು ಬಲಗಡೆಗೆ ಬಂತು. ತಿರುಗಿಸಿದ್ದನ್ನು ಮತ್ತೆ ಮೊದಲಿನಂತೆ ಮಾಡಿ ಪೆನ್ ಕೆಳಗಿಟ್ಟು ನನ್ನ ಮುಖ ನೋಡಿದ.

ಮಗನೇ ಮೊದಲು ಬಾಯಿ ಬಿಡುವಂತೆ ಮಾಡಿದೆ. "ಏನಪ್ಪಾ?" ಅಷ್ಟೇ. ಎಡಗಡೆ ಪುಟ್ಟ ಬಲೂನ್, ಅದರಲ್ಲಿ ಆ ಒಂದೇ ಪದ.