ಗಾಜಿನ ಅಡಿಕೆ

ಅಜ್ಜನ ಕವಳದ ತಟ್ಟೆ ಖಾಲಿ ಬಿದ್ದಿರೋದನ್ನು ನೋಡೋಕೆ ಆಗ್ತಿರಲಿಲ್ಲ. ಅದರಲ್ಲಿಡಲು ಗಾಜಿನ ಅಡಿಕೆ ಮಾಡೋಣ ಅಂತ ಹೊರಟೆ. ಸುಲಿದ ಅಡಿಕೆ, ಎರಡೂವರೆ ಸೆಂಟಿಮೀಟರ್ ದಪ್ಪ, ಅಷ್ಟೇ. ಇಷ್ಟು ಚಿಕ್ಕದಕ್ಕೆ ಕರಗಿದ ಗಾಜನ್ನು ಸುರಿಯಬೇಕಿಲ್ಲ. ಅಚ್ಚಿನ ಬಾಯಲ್ಲಿ ಚೂರು ಪೇರಿಸಿ ಕಿಲ್ನ್‌ನಲ್ಲಿ, ಅಂದರೆ ಗಾಜು ಕಾಯಿಸುವ ಕುಲುಮೆಯಲ್ಲಿ, ಇಟ್ಟರೆ ತಾನಾಗಿ ಕರಗಿ ಒಳಗಿಳಿಯುತ್ತದೆ.

ಮೊದಲು ಜೇನುಮೇಣದಲ್ಲಿ ಅಡಿಕೆ ತಿದ್ದಿದೆ. ಮೈಮೇಲಿನ ನಾರಿನ ಗೆರೆಗಳನ್ನು ಸೂಜಿಯಲ್ಲಿ ಗೀರಿದೆ. ಮೇಣದಲ್ಲಿ ಇದ್ದದ್ದೆಲ್ಲ ಗಾಜಿಗೂ ಬರುತ್ತದೆ, ಬೆರಳಚ್ಚು ಕೂಡ. ಆಮೇಲೆ ಅಳತೆ ಜಾಡಿಯ ನೀರಿನಲ್ಲಿ ಅದನ್ನು ಸೂಜಿಯಿಂದ ಅದುಮಿ ಮುಳುಗಿಸಿದೆ. ನೀರು 9 ಮಿ.ಲೀ. ಏರಿತು. ಗಾಜು ನೀರಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಹಾಗಾಗಿ ಅದನ್ನು 2.5ರಿಂದ ಗುಣಿಸಿದರೆ ಸುಮಾರು 23 ಗ್ರಾಂ ಗಾಜು. ಅಚ್ಚಿನ ಬಾಯಿಯಲ್ಲಿ ಉಳಿಯುವ ಗಾಜಿಗೂ ಸೇರಿಸಿ ಒಟ್ಟು 30 ಗ್ರಾಂ ತೂಗಿಟ್ಟೆ.

ಅಚ್ಚಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮತ್ತು ಸಿಲಿಕಾ ಪುಡಿ, ತೂಕದಲ್ಲಿ ಸಮಸಮ. ನೀರು ಒಣಪುಡಿಯ ಅರ್ಧದಷ್ಟು. ಪುಡಿಯನ್ನೇ ನೀರಿಗೆ ಉದುರಿಸಬೇಕು, ಇಲ್ಲದಿದ್ದರೆ ಗಂಟಾಗುತ್ತದೆ. ಸಿಲಿಕಾ ದೂಳು ಶ್ವಾಸಕೋಶಕ್ಕೆ ತುಂಬ ಕೆಟ್ಟದ್ದು. ಮಾಸ್ಕ್ ಇಲ್ಲದೆ ಆ ಪೊಟ್ಟಣ ಬಿಚ್ಚಲೇಬೇಡಿ. ಕಲಸಿದ್ದನ್ನು ಮೇಣದ ಅಡಿಕೆಯ ಸುತ್ತ ಸುರಿದೆ. ಅಚ್ಚು ಗಟ್ಟಿಯಾದ ಮೇಲೆ ಹಬೆಯಲ್ಲಿ ಬೋರಲಾಗಿಟ್ಟು ಮೇಣ ಇಳಿಸಿ, ಒಂದು ವಾರ ಒಣಗಿಸಿದೆ.

ಮೊದಲ ಸಲ ಕಂದು ಬಾಟಲಿ ಗಾಜಿನ ಜೊತೆ ಬಿಳಿ ಬಾಟಲಿಯ ಚೂರನ್ನೂ ಹಾಕಿದ್ದೆ, ಅಡಿಕೆಯೊಳಗಿನ ಬಿಳಿ ಎಳೆ ಬರಲಿ ಅಂತ. ಕಿಲ್ನ್‌ನಿಂದ ತೆಗೆದಾಗ ಎಷ್ಟು ಚೆಂದ ಇತ್ತು! ಮೂರನೇ ರಾತ್ರಿ ಕಪಾಟಿನಲ್ಲಿ ‘ಟಕ್’ ಅಂತ ಸದ್ದು. ಎರಡು ಹೋಳಾಗಿತ್ತು, ಬಿರುಕು ಸರಿಯಾಗಿ ಆ ಬಿಳಿ ಎಳೆಯ ಗುಂಟವೇ ಹೋಗಿತ್ತು. ಎರಡು ಗಾಜುಗಳು ತಣಿಯುವಾಗ ಕುಗ್ಗುವ ಪ್ರಮಾಣ ಬೇರೆಬೇರೆಯಾದರೆ ಒಳಗೆ ಎಳೆದಾಟ ಉಳಿದುಬಿಡುತ್ತದೆ. ನನಗೆ ನಿಜಕ್ಕೂ ಅಳು ಬಂತು.

ಎರಡನೇ ಸಲ ಒಂದೇ ಕಂದು ಬಾಟಲಿ. 100 ಡಿಗ್ರಿಯ ಹತ್ತಿರ ಕೆಲವು ಗಂಟೆ ತಡೆದು ಅಚ್ಚಿನ ಪಸೆ ಆರಿಸಿದೆ. ಆಮೇಲೆ ನಿಧಾನವಾಗಿ 850ಕ್ಕೆ ಏರಿಸಿದೆ. ಇಳಿಯುವಾಗ 700–800ರ ನಡುವೆ ಜಾಸ್ತಿ ಹೊತ್ತು ನಿಲ್ಲಿಸಬಾರದು, ಗಾಜಿನ ಮೇಲೆ ಹರಳುಗಟ್ಟಿ ಬಿಳಿ ಮಂಕು ಕೂರುತ್ತದೆ. 550ರಲ್ಲಿ ನಾಲ್ಕು ಗಂಟೆ ಹಿಡಿದೆ. ಅಲ್ಲಿಂದ ಗಂಟೆಗೆ 20 ಡಿಗ್ರಿಯಂತೆ 430ರವರೆಗೆ, ಮುಂದೆ ಸ್ವಲ್ಪ ಬೇಗ. ಇದೇ ಅನೀಲಿಂಗ್. ಅಡಿಕೆಯ ಹೊರಮೈ ಮತ್ತು ಹೊಟ್ಟೆ ಒಟ್ಟಿಗೇ ತಣಿಯಬೇಕು, ಅದಕ್ಕೇ ಈ ನಿಧಾನ. ಕೈಗೆ ತಣ್ಣಗೆ ತಗಲುವವರೆಗೂ ಬಾಗಿಲು ತೆಗೆಯಲಿಲ್ಲ.

ಅಚ್ಚನ್ನು ನೀರಲ್ಲಿ ನೆನೆಸಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದಾಗ ನಾರಿನ ಗೆರೆಗಳು ಒಂದೊಂದಾಗಿ ಕಂಡವು. ಬಾಯಿಯ ತುಂಡನ್ನು ಕೊಯ್ದು, ಕಾರ್ಬೋರಂಡಮ್ ಅನ್ನುವ ಗಟ್ಟಿ ಉಜ್ಜುಪುಡಿ ಮತ್ತು ನೀರು ಹಾಕಿ ತಳ ತಿಕ್ಕಿದೆ. ಆಮೇಲೆ ಪರೀಕ್ಷೆ. ಲ್ಯಾಪ್‌ಟಾಪಿನಲ್ಲಿ ಬಿಳಿ ಪರದೆ ತೆರೆದು, ಪೋಲರಾಯ್ಡ್ ಕನ್ನಡಕವನ್ನು ಪರದೆ ಕಪ್ಪಾಗುವಷ್ಟು ತಿರುಗಿಸಿ ಹಿಡಿದೆ. ನಡುವೆ ಎಣ್ಣೆ ಸವರಿದ ಅಡಿಕೆ. ಒಳಗೆ ಎಳೆತ ಇದ್ದ ಕಡೆ ಬೆಳಕು ಮಿನುಗುತ್ತದೆ. ಒಡೆದ ಹೋಳಿನಲ್ಲಿ ಕೂಡುಗೆರೆ ಉದ್ದಕ್ಕೂ ಹೊಳೆದಿತ್ತು. ಇದರಲ್ಲಿ ಏನೂ ಇಲ್ಲ, ಪೂರ್ತಿ ಕಪ್ಪು.

ಈಗ ತಟ್ಟೆಯಲ್ಲಿ ಐದು ಅಡಿಕೆ ಇವೆ. ಬಿಳಿ ಎಳೆಯ ಆಸೆ ಬಿಟ್ಟಿಲ್ಲ. ಒಂದೇ ಪ್ರಮಾಣದಲ್ಲಿ ಕುಗ್ಗುವಂತೆ ತಯಾರಿಸಿದ ಕಂದು ಮತ್ತು ಬಿಳಿ ಗಾಜು ತರಿಸಿದ್ದೇನೆ, ಮೇಣದ ಹೋಳಡಿಕೆ ಮೇಜಿನ ಮೇಲಿದೆ.